ಮರದ ಮೀನು, ಬರಿಯ ಗೆರಟೆ

"ಗುರುಗಳೇ, ಒಬ್ಬ ಗಾಳಕ್ಕೆ ಜೀವಂತ ಸಿಗಡಿ ಸಿಕ್ಕಿಸಿ ಕೆಂ..."

ಕೆಂ ಎಂದೇ ಶುರುವಾಗುತ್ತಿತ್ತು ಆ ಮೀನಿನ ಹೆಸರು. ಕೆಂಬರೆಯೋ, ಕೆಂಬಾರೆಯೋ. ಅಮ್ಮನ ಬಾಯಲ್ಲಿ ದಿನವೂ ಕೇಳುತ್ತಿದ್ದ ಮಾತು. ನನ್ನ ನಾಲಿಗೆಯಲ್ಲಿ ಈಗ ಅರ್ಧ ಮಾತ್ರ ಉಳಿದಿದೆ. ಕೇಳೋಣವೆಂದರೆ ಕಡಲು ಕಾಣದ ಈ ಊರಿನಲ್ಲಿ ಹೇಳುವವರಿಲ್ಲ. ಇಲ್ಲಿ ಎಲ್ಲ ಮೀನಿಗೂ ಮೀನು ಎಂದೇ ಹೆಸರು. ಇರಲಿ. ಕೆಂಪು ಮೀನು ಎನ್ನುತ್ತೇನೆ. ಕತೆಗೆ ಅಷ್ಟು ಸಾಕು. ಶಿಷ್ಯನ ಪ್ರಶ್ನೆ ಹೀಗಿತ್ತು.

"ಗುರುಗಳೇ, ಒಬ್ಬ ಗಾಳಕ್ಕೆ ಜೀವಂತ ಸಿಗಡಿ ಸಿಕ್ಕಿಸಿ ಕೆಂಪು ಮೀನು ಹಿಡಿಯುತ್ತಾನೆ. ಇನ್ನೊಬ್ಬ ಮರದಲ್ಲಿ ಕೆತ್ತಿದ ಹುಸಿ ಎರೆ ಕಟ್ಟಿ ಅದೇ ಮೀನು ಹಿಡಿಯುತ್ತಾನೆ. ಮೊದಲನೆಯವನು ಎರಡು ಜೀವ ತೆಗೆದ. ಎರಡನೆಯವನು ಒಂದೇ ಜೀವ ತೆಗೆದ. ಹಾಗಾದರೆ ಹುಸಿ ಎರೆಯವನೇ ಮೇಲಲ್ಲವೇ?"

ಗುರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಿದರು.

"ಈ ಲೆಕ್ಕ ನಿನಗೆ ಯಾರು ಹೇಳಿಕೊಟ್ಟರು?"

"ದೋಣಿ ಕಟ್ಟುವ ಕಡವಿನಲ್ಲಿ ಒಬ್ಬ ಮೀನುಗಾರ ಹೇಳಿದ. ಅವನ ಮಾತು ನನಗೆ ಹಿಡಿಸಿತು. ಮೀನು ಕೊಲ್ಲುವವನ ಬಾಯಲ್ಲಿ ಇಷ್ಟು ದಯೆಯ ಮಾತು ಬಂತಲ್ಲ ಎಂದು ಸಂತೋಷವಾಯಿತು. ಒಳ್ಳೆಯದಾಗಲಿ ಎಂದು ಹರಸಿಯೂ ಬಂದೆ."

"ಹರಸಿಯೂ ಬಂದೆ!" ಗುರು ಮೊರವನ್ನು ಕೆಳಗಿಟ್ಟರು. "ಹರಸುವುದಕ್ಕೆ ನಿನಗೆ ಖರ್ಚೇನು? ಕೂತುಕೋ."

ಶಿಷ್ಯ ಕೂತ. ಗುರು ಹೇಳಿದ ಕತೆ ಇದು.

ಹೊಳೆ ಕಡಲನ್ನು ಸೇರುವ ಅಳಿವೆಯ ಬಳಿ ಒಂದು ಊರಿತ್ತು. ಅಲ್ಲಿನ ಗಂಡಸರು ಪಾತಿಯಲ್ಲಿ ಹೋಗಿ ಗಾಳ ಹಾಕುತ್ತಿದ್ದರು. ಪಾತಿ ಎಂದರೆ ಒಬ್ಬನೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಗಂಡಸಿನ ಕೆಲಸ ನೀರಿನ ಮೇಲೆ, ಹೆಂಗಸಿನ ಕೆಲಸ ಕೆಸರಿನಲ್ಲಿ. ಹೊಳೆಯ ನೀರು ಇಳಿದಾಗ ಹೆಂಗಸರು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳ ನಡುವೆ ಇಳಿದು ಬರಿಗೈಯಲ್ಲಿ ಸಿಗಡಿ ಹಿಡಿಯುತ್ತಿದ್ದರು. ಬೇರು ಚುಚ್ಚುತ್ತಿತ್ತು. ಚಿಪ್ಪು ಕೊಯ್ಯುತ್ತಿತ್ತು. ಹಿಡಿದ ಸಿಗಡಿಯನ್ನು ತೆಂಗಿನಕಾಯಿಯ ಗೆರಟೆಯಲ್ಲಿ ನೀರು ಹಾಕಿ ಜೀವಂತ ಇಡುತ್ತಿದ್ದರು. ಅದೇ ಎರೆ. ಒಂದೊಂದು ಪಾತಿಗೆ ಒಬ್ಬೊಬ್ಬ ಎರೆಯ ಹೆಂಗಸು. ಇನ್ನೊಬ್ಬಳ ಪಾತಿಗೆ ಎರೆ ಕೊಡಲು ಹೋಗುವುದು ಆ ಊರಿನಲ್ಲಿ ಕಳ್ಳತನಕ್ಕೆ ಸಮ.

ಅಲ್ಲಿ ಒಂದು ಕಟ್ಟಳೆಯಿತ್ತು. ಬೆಳಗ್ಗೆ ಎರೆಯ ಹೆಂಗಸು ತನ್ನ ಕೈಯಿಂದ ಗೆರಟೆಯನ್ನು ಪಾತಿಯಲ್ಲಿ ಇಡಬೇಕು. ಇಟ್ಟ ಮೇಲೆಯೇ ಪಾತಿ ನೀರಿಗೆ. ತಿರುಗಿ ಬಂದಾಗ ಆ ದಿನ ಮೊದಲು ಸಿಕ್ಕಿದ ಮೀನು ಅವಳದು. ದೊಡ್ಡದಾದರೂ ಅವಳದು, ಸಣ್ಣದಾದರೂ ಅವಳದು. ಒಂದೇ ಸಿಕ್ಕಿದ ದಿನ ಆ ಒಂದೂ ಅವಳದೇ. ಏನೂ ಸಿಗದ ದಿನ ಅವಳೂ ಏನೂ ಕೇಳುವಂತಿಲ್ಲ. ಹೊಳೆಯನ್ನು ಕೇಳಿಕೊಳ್ಳುವವನು ಮೊದಲು ಹೊಳೆಗೆ ಕೊಡಬೇಕು, ಹೆಣ್ಣಿನ ಕೈಯಿಂದ ಗೆರಟೆ ಪಡೆಯದೆ ಹೋದವನ ಪಾತಿಯನ್ನು ಅಳಿವೆ ಮಗುಚಿ ಹಾಕುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಊರೆಲ್ಲ ಅದನ್ನು ನಂಬಿತ್ತು.

ಆ ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಕೈ ಚುರುಕು, ಕಣ್ಣು ಚುರುಕು. ಮೊದಲ ಮೀನನ್ನು ಬಿಟ್ಟುಕೊಡುವಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಬಿಸಿಲಿನಲ್ಲಿ ಬೇಯುವವನು ನಾನು, ಹುಟ್ಟು ಹಾಕಿ ತೋಳು ಕಳೆದುಕೊಳ್ಳುವವನು ನಾನು, ಒಂದು ಗೆರಟೆ ಸಿಗಡಿಗೆ ಇಷ್ಟು ದೊಡ್ಡ ಮೀನೇ ಎಂದು ಅಂದುಕೊಳ್ಳುತ್ತಿದ್ದ.

ಅವನು ಹಾಲೆ ಮರದ ತುಂಡು ತಂದು ಒಂದು ಮೀನು ಕೆತ್ತಿದ. ಬೆರಳುದ್ದದ ಮೀನು. ಕಣ್ಣಿಗೆ ಗುಲಗಂಜಿ ಕೂರಿಸಿದ. ಬಾಲಕ್ಕೆ ಹುಂಜದ ಗರಿ ಕಟ್ಟಿದ. ಹೊಟ್ಟೆಗೆ ತಗಡಿನ ಚೂರು ಬಡಿದ. ಅದರ ಕೆಳಗೆ ಗಾಳ. ದಾರಕ್ಕೆ ಕಟ್ಟಿ ಪಾತಿಯ ಹಿಂದೆ ಬಿಟ್ಟು ಹುಟ್ಟು ಹಾಕಿದರೆ ಅದು ಬಾಲ ಆಡಿಸುತ್ತ, ಹೊಳೆಯುತ್ತ ಬರುತ್ತಿತ್ತು. ಮನೆಯ ಹಿಂದಿನ ಕೆರೆಯಲ್ಲಿ ಎಳೆದು ನೋಡಿದ. ಚೆನ್ನಾಗಿತ್ತು.

ಇನ್ನು ಸಿಗಡಿ ಬೇಡ. ಸಿಗಡಿ ಬೇಡವಾದ ಮೇಲೆ ಮೊದಲ ಮೀನನ್ನು ಕೊಡುವುದೂ ಬೇಡ. ಆದರೆ ಗೆರಟೆ ಇಲ್ಲದೆ ಪಾತಿ ಇಳಿಸಲು ಅವನಿಗೆ ಧೈರ್ಯವಿಲ್ಲ. ಅಳಿವೆಯ ಭಯ.

ಅವನ ಪಾತಿಗೆ ಎರೆ ಕೊಡುತ್ತಿದ್ದವಳು ಅವನಿಗಿಂತ ಹಿರಿಯಳು. ಅವಳ ಗಂಡ ಸೊಂಟ ಮುರಿದುಕೊಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ. ಮೊದಲ ಮೀನೇ ಆ ಮನೆಯ ಗಂಜಿ. ಅರ್ಧ ಮೀನು ಕೊಟ್ಟು ಅಕ್ಕಿ ತರುವಳು, ಅರ್ಧ ಸಾರು ಮಾಡುವಳು. ಬೇರೆ ದಾರಿ ಇರಲಿಲ್ಲ.

ಮೀನುಗಾರ ಅವಳ ಮನೆಗೆ ಹೋದ.

"ಅಕ್ಕ, ನಾಳೆಯಿಂದ ನೀನು ಕೆಸರಿಗೆ ಇಳಿಯಬೇಡ. ನಿನ್ನ ಕಾಲು ನೋಡು, ಹೇಗೆ ಬಿರಿದಿದೆ. ನನಗೆ ಎರೆ ಬೇಡ. ಬೆಳಗ್ಗೆ ಬಂದು ಬರಿಯ ಗೆರಟೆ ಇಟ್ಟು ಹೋಗು, ಸಾಕು."

"ಬರಿಯ ಗೆರಟೆ ಇಟ್ಟುಕೊಂಡು ಏನು ಮಾಡುತ್ತೀಯ ತಮ್ಮ? ಮೀನಿಗೆ ಗಂಜಿ ಬಡಿಸುತ್ತೀಯಾ?"

"ಕಟ್ಟಳೆ ಬಿಡಬಾರದಲ್ಲ, ಅದಕ್ಕೆ."

ಅವಳು ನಕ್ಕಳು. ತನ್ನ ಕಾಲಿನ ಬಿರುಕನ್ನು ಇಷ್ಟು ದಿನಕ್ಕೆ ಒಬ್ಬ ಗಂಡಸು ಕಂಡನಲ್ಲ ಎಂದು ಅವಳಿಗೆ ಸಂತೋಷವೂ ಆಯಿತು. ಮೊದಲ ಮೀನಿನ ಮಾತನ್ನು ಅವಳು ಎತ್ತಲಿಲ್ಲ. ಗೆರಟೆ ಇಟ್ಟವಳಿಗೆ ಮೀನು. ಹುಟ್ಟಿದಂದಿನಿಂದ ಅವಳು ಕಂಡದ್ದು ಅದೇ. ಅವನೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಗೆರಟೆ ಇಡುತ್ತಿರಲಿಲ್ಲ.

ಮರುದಿನ ಅವಳು ಬರಿಯ ಗೆರಟೆ ಇಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಪಾತಿ ಇಳಿಸಿದ. ಮರದ ಮೀನನ್ನು ಹಿಂದೆ ಬಿಟ್ಟು ಹುಟ್ಟು ಹಾಕುತ್ತ ಹೋದ. ಕೆಂಪು ಮೀನು ಬಂದು ಕಚ್ಚಿತು. ಇನ್ನೊಂದು ಕಚ್ಚಿತು. ಎರೆ ಮುಗಿಯುವ ಚಿಂತೆಯೇ ಇಲ್ಲ. ಪಾತಿ ತುಂಬಿಸಿಕೊಂಡು ಬಂದ.

ಅವಳು ಬುಟ್ಟಿ ಹಿಡಿದು ನಿಂತಿದ್ದಳು.

"ಇವತ್ತಿನ ಮೀನು ಪಾತಿಗೆ ಬಳಿಯುವ ಎಣ್ಣೆಗೆ ಬೇಕು ಅಕ್ಕ. ನಾಳೆ ಕೊಡುತ್ತೇನೆ," ಎಂದ.

ಮರುದಿನ ಮನೆಗೆ ನೆಂಟರು ಬಂದಿದ್ದಾರೆ ಎಂದ. ಅದರ ಮರುದಿನ ಹುಟ್ಟು ಬಿರುಕು ಬಿಟ್ಟಿದೆ ಎಂದ. ಪ್ರತಿ ಸಲವೂ ನಗುತ್ತಲೇ ಹೇಳಿದ. ನಾಳೆ ಎಂಬುದು ಅವಳ ಕಣ್ಣೆದುರು ಹೊಳೆಯುತ್ತ ಮುಂದೆ ಮುಂದೆ ಹೋಯಿತು. ಅವಳು ಅದರ ಹಿಂದೆ ಹಿಂದೆ ಹೋದಳು. ಬೆಳಗ್ಗೆ ಬಂದು ಗೆರಟೆ ಇಡುವುದನ್ನು ಮಾತ್ರ ತಪ್ಪಿಸಲಿಲ್ಲ.

ಮನೆಯ ಅಕ್ಕಿ ಮುಗಿಯಿತು. ನೆರೆಮನೆಯ ಅಕ್ಕಿಯನ್ನು ಕೇಳುವ ಮುಖವೂ ಮುಗಿಯಿತು. ಆ ದಿನ ಅವನು ದಡಕ್ಕೆ ಬಂದಾಗ ಅವಳು ಬುಟ್ಟಿ ಚಾಚಲಿಲ್ಲ. ಮಂಡಿಯವರೆಗೆ ನೀರಿಗೆ ಇಳಿದು ಪಾತಿಯ ಮೂತಿಯನ್ನು ಹಿಡಿದಳು.

"ಕೊಡು."

"ಏನು ಕೊಡಲಿ?"

"ನನ್ನ ಮೀನು."

"ಗೆರಟೆಯಲ್ಲಿ ಏನಿತ್ತು ಅಕ್ಕ?"

"ನೀನೇ ಬೇಡ ಅಂದೆ."

"ಬೇಡ ಅಂದದ್ದು ಇರಲಿ. ಏನಿತ್ತು?"

"ಏನೂ ಇರಲಿಲ್ಲ."

"ಏನೂ ಇಲ್ಲದ್ದಕ್ಕೆ ಪಾಲೂ ಏನೂ ಇಲ್ಲ. ನ್ಯಾಯ ಅಲ್ಲವೇ?"

ಕಡವಿನಲ್ಲಿ ನಿಂತವರು ನಕ್ಕರು. ಒಬ್ಬ ಕೂಗಿದ: "ಅಕ್ಕ, ಬರಿಯ ಗೆರಟೆಗೆ ಮೀನು ಸಿಗುವುದಾದರೆ ನಮ್ಮ ಮನೆಯಲ್ಲಿ ಒಂದು ರಾಶಿ ಬಿದ್ದಿದೆ!"

"ಕಂಡಿದ್ದೇನೆ," ಎಂದಳು ಅವಳು. "ಆ ರಾಶಿಯಲ್ಲಿ ನಿನ್ನ ತಲೆಯೂ ಒಂದು."

ಈಗ ನಗು ಇನ್ನೂ ಜೋರಾಯಿತು. ಆದರೆ ಯಾರೂ ಅವಳ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಮಾತು ಬೆಳೆಯಿತು. ಊರಿನ ನ್ಯಾಯ ಹೇಳುವ ಗುರಿಕಾರನ ಜಗಲಿಗೆ ಎಲ್ಲರೂ ಹೋದರು.

ಮೀನುಗಾರ ಕೈಮುಗಿದು ನಿಂತ.

"ಗುರಿಕಾರರೇ, ನಾನು ಪಾಪಕ್ಕೆ ಹೆದರುವವನು. ದಿನವೂ ಒಂದು ಗೆರಟೆ ಸಿಗಡಿಯನ್ನು ಕೊಲ್ಲುತ್ತಿದ್ದೆವು. ಜೀವ ಇರುವಾಗಲೇ ಗಾಳ ಚುಚ್ಚುತ್ತಿದ್ದೆವು. ಅವು ಬೆರಳ ನಡುವೆ ಒದ್ದಾಡುವುದನ್ನು ನೋಡಲಾರದೆ ನಾನು ಮರದ ಮೀನು ಕೆತ್ತಿದೆ. ನನ್ನಿಂದ ಅಷ್ಟು ಜೀವಗಳಾದರೂ ಉಳಿದವು. ಈ ಅಕ್ಕ ನನ್ನನ್ನು ಮತ್ತೆ ಅದೇ ಪಾಪಕ್ಕೆ ಎಳೆಯುತ್ತಿದ್ದಾಳೆ."

ಜಗಲಿಯಲ್ಲಿ ಕೂತವರು ತಲೆದೂಗಿದರು. ನಮ್ಮ ಕಡವಿನಲ್ಲಿ ಇಂಥ ಒಬ್ಬ ಸಾಧು ಇದ್ದದ್ದು ಗೊತ್ತೇ ಇರಲಿಲ್ಲವಲ್ಲ ಎಂದು ಒಬ್ಬ ನಕ್ಕ. ತಮಾಷೆಗೆ ಶುರುವಾದ ಮಾತು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ನಿಜವೇ ಆಯಿತು.

"ಸಿಗಡಿ ಒದ್ದಾಡುವುದು ಕಂಡಿತಾ ನಿನಗೆ?" ಎಂದಳು ಅವಳು. "ನಾನು ಬುಟ್ಟಿ ಹಿಡಿದು ನಿಂತದ್ದು ಕಾಣಲಿಲ್ಲವಾ?"

"ಅಬ್ಬರಿಸಬೇಡ ತಂಗಿ," ಎಂದ ಗುರಿಕಾರ. "ದೊಡ್ಡ ಧರ್ಮದ ಮಾತು ನಡೆಯುತ್ತಿರುವಾಗ ಹೊಟ್ಟೆಯ ಮಾತು ತರಬೇಡ."

ಇಲ್ಲಿ ಶಿಷ್ಯ ಬಾಯಿ ಹಾಕಿದ. "ಗುರುಗಳೇ, ಅವನು ವಂಚಕನೇ ಇರಬಹುದು. ಆದರೂ ಸಿಗಡಿ ಬದುಕಿದ್ದು ನಿಜವಲ್ಲವೇ?"

"ನಿಜ," ಎಂದರು ಗುರು. "ಅವನ್ನು ಅಂದೇ ಸಂಜೆ ಕೆಂಪು ಮೀನು ತಿಂದಿತು. ಮುಂದೆ ಕೇಳು."

ಗುರಿಕಾರ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ. ಎರೆ ಕೊಡದವಳಿಗೆ ಪಾಲಿಲ್ಲ. ಹಿಂಸೆ ಬಿಟ್ಟವನಿಗೆ ಶಿಕ್ಷೆ ಮಾಡಿದರೆ ಊರಿಗೆ ಒಳ್ಳೆಯದಲ್ಲ. ಹಾಗೆಂದು ಗೆರಟೆ ಇಡದೆ ಪಾತಿ ಇಳಿಸುವುದೂ ಸರಿಯಲ್ಲ. ಅಳಿವೆ ಮುನಿದರೆ ಕೆಡುಕು ಒಬ್ಬನಿಗಲ್ಲ, ಎಲ್ಲರಿಗೂ. ಆದ್ದರಿಂದ ಅವಳು ದಿನವೂ ಬಂದು ಗೆರಟೆ ಇಡಲಿ. ಬರಿದೇ ಇಡಲಿ. ಕಟ್ಟಳೆ ಉಳಿಯಲಿ, ಜೀವವೂ ಉಳಿಯಲಿ.

ಎಂಥ ತೀರ್ಪು ಎಂದು ಜಗಲಿ ಮೆಚ್ಚಿತು.

ಅವಳು ಮೀನುಗಾರನ ಕಡೆ ಕೈ ಚಾಚಿದಳು.

"ಆ ಮರದ ಮೀನು ಎಲ್ಲಿ, ತೋರಿಸು."

ಅವನು ಕೊಟ್ಟ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಚೆನ್ನಾಗಿ ಕೆತ್ತಿದ್ದೀಯ. ಕಣ್ಣಿಗೆ ಗುಲಗಂಜಿ, ಬಾಲಕ್ಕೆ ಗರಿ. ಒಂದು ಮೀನಿಗೆ ಮೋಸ ಮಾಡಲು ಎಷ್ಟು ಕಷ್ಟಪಟ್ಟಿದ್ದೀಯ! ನನಗೆ ಮಾಡುವಾಗ ಇಷ್ಟೂ ಕಷ್ಟ ಬೇಕಾಗಲಿಲ್ಲ. ನನ್ನ ಕಾಲು ನೋಡಿ ಅಯ್ಯೋ ಅಂದೆ, ನಾಳೆ ಅಂದೆ. ಅಷ್ಟಕ್ಕೇ ನಾನು ಕಚ್ಚಿದೆ."

ಮರದ ಮೀನನ್ನು ಅವನ ಕೈಗೇ ಇಟ್ಟಳು. ಗುರಿಕಾರನ ಕಡೆ ತಿರುಗಿದಳು.

"ಸಿಗಡಿಗೆ ನೋವಾಗುತ್ತದೆ ಅಂದಿರಿ. ಒಪ್ಪಿದೆ. ಅದರ ಮೈಗೆ ನಾನೂ ದಿನಾ ಕೈ ಹಾಕಿದವಳೇ, ನನಗೂ ಗೊತ್ತು. ಬಿಟ್ಟುಬಿಡಿ ಎಲ್ಲರೂ. ಗಾಳವನ್ನೇ ಬಿಟ್ಟುಬಿಡಿ, ನಾನೂ ಕೆಸರು ಬಿಟ್ಟು ಉಪವಾಸ ಇರುತ್ತೇನೆ, ಒಟ್ಟಿಗೇ ಇರೋಣ. ಅದು ಬಿಟ್ಟು ಮೀನು ನಿಮಗೆ, ಪುಣ್ಯ ನಿಮಗೆ, ಉಪವಾಸ ಮಾತ್ರ ನನಗೆ. ಇದು ಯಾವ ಸೀಮೆಯ ದಯೆ ಗುರಿಕಾರರೇ?"

ತೀರ್ಪು ಆಗಿದೆ ಎಂದ ಗುರಿಕಾರ. ಜನ ಎದ್ದರು.

ಮರುದಿನ ಬೆಳಗ್ಗೆ ಅವಳು ಕಡವಿಗೆ ಬರಲಿಲ್ಲ. ಮೀನುಗಾರ ಕಾದ. ಉಳಿದ ಪಾತಿಗಳೆಲ್ಲ ಹೋದವು. ನೀರು ಇಳಿಯತೊಡಗಿತು. ಅವನು ಅವಳ ಮನೆಗೆ ಓಡಿದ.

"ಅಕ್ಕ, ಗೆರಟೆ ಕೊಡು. ಹೊತ್ತು ಮೀರುತ್ತಿದೆ."

"ತುಂಬಿದ ಗೆರಟೆ ಬೇಕಾದರೆ ಈಗಲೇ ಕೆಸರಿಗೆ ಇಳಿಯುತ್ತೇನೆ. ಮೊದಲ ಮೀನು ಕೊಡುವೆನೆಂದರೆ ಬರಿಯ ಗೆರಟೆಯನ್ನೂ ಇಡುತ್ತೇನೆ. ಎರಡರಲ್ಲಿ ಒಂದು ಹೇಳು."

"ತೀರ್ಪು ಕೇಳಿದೆಯಲ್ಲ."

"ಕೇಳಿದೆ. ತೀರ್ಪು ಹೇಳಿದವರ ಕೈಯಿಂದಲೇ ಗೆರಟೆ ಇಡಿಸಿಕೋ."

ಒಳಗಿನಿಂದ ಅವಳ ಗಂಡ ಮಲಗಿದಲ್ಲಿಂದಲೇ ಹೇಳಿದ: "ಕೊಟ್ಟುಬಿಡೇ. ನಾಳೆ ಅವನ ಮನಸ್ಸು ಕರಗಬಹುದು."

"ನಾಳೆಯನ್ನು ನಾನು ಸಾಕಷ್ಟು ಉಂಡಿದ್ದೇನೆ," ಎಂದು ಅವಳು ಬಾಗಿಲು ಹಾಕಿದಳು.

ಒಂದು ಮೀನು ಕೊಡುವೆನೆಂದು ಒಂದು ಮಾತು ಹೇಳಿದ್ದರೆ ಆ ಬಾಗಿಲು ತೆರೆಯುತ್ತಿತ್ತು. ಅವನು ಹೇಳಲಿಲ್ಲ. ಕಡವಿಗೆ ಬಂದ. ತಾನೇ ಒಂದು ಗೆರಟೆ ಹುಡುಕಿ ತಂದು ಪಾತಿಯಲ್ಲಿಟ್ಟುಕೊಂಡ. ಅಳಿವೆಗೆ ಕೈಮುಗಿದು ಪಾತಿ ಇಳಿಸಿದ.

ಸುದ್ದಿ ಹಬ್ಬಿತು. ಹೆಣ್ಣಿನ ಕೈಯ ಗೆರಟೆ ಇಲ್ಲದೆ ಹೋಗಿದ್ದಾನೆ, ಇವತ್ತು ನೋಡಿ ಎಂದು ಊರೇ ದಡಕ್ಕೆ ಬಂದು ನಿಂತಿತು. ಜಗಲಿಯಲ್ಲಿ ತಲೆದೂಗಿದವರೂ ಬಂದರು. ಗುರಿಕಾರನೂ ಬಂದ. ಅಳಿವೆಯಲ್ಲಿ ತೆರೆ ಎದ್ದಾಗಲೆಲ್ಲ ಅಯ್ಯೋ ಎಂದರು. ಬಿಸಿಲು ಏರಿತು. ಯಾರೂ ಮನೆಗೆ ಹೋಗಲಿಲ್ಲ.

ಪಾತಿ ಮಗುಚಲಿಲ್ಲ. ಅವನು ಪಾತಿಯ ಅಂಚಿನವರೆಗೆ ಮೀನು ತುಂಬಿಸಿಕೊಂಡು ಹಾಡುತ್ತ ಬಂದ.

ಮರುದಿನ ಇನ್ನೊಬ್ಬ ಹಾಲೆ ಮರ ಕಡಿದ. ಅದರ ಮರುದಿನ ಮತ್ತೊಬ್ಬ. ಊರಿನ ಹುಂಜಗಳೆಲ್ಲ ಬಾಲ ಕಳೆದುಕೊಂಡವು. ಗೆರಟೆಗಳು ಒಲೆಗೆ ಹೋದವು. ಎರೆಯ ಹೆಂಗಸರು ಒಬ್ಬೊಬ್ಬರಾಗಿ ಕಡವಿಗೆ ಬರುವುದನ್ನು ಬಿಟ್ಟರು. ಹಿಂದೆ ನಗುತ್ತಿದ್ದವರ ಹೆಂಡತಿಯರೂ ಅದರಲ್ಲಿದ್ದರು, ತಾಯಂದಿರೂ ಇದ್ದರು. ಗುರಿಕಾರ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದ: ನಮ್ಮ ಊರಿನಲ್ಲಿ ಈಗ ಹಿಂಸೆ ಎಷ್ಟು ಕಡಿಮೆಯಾಗಿದೆ ನೋಡಿ.

ಗುರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಅಕ್ಕಿಯಲ್ಲಿದ್ದ ಕಲ್ಲು ಹುಡುಕತೊಡಗಿದರು.

ಶಿಷ್ಯ ಕಾದ.

"ಕತೆ ಮುಗಿಯಿತೇ ಗುರುಗಳೇ?"

"ಮುಗಿಯಿತು."

"ಹೇಗೆ ಮುಗಿಯುತ್ತದೆ? ಆ ಮೀನುಗಾರನಿಗೆ ಕೊನೆಗೆ ಏನಾಯಿತು? ಒಂದು ದಿನವಾದರೂ ಅವನ ಪಾತಿ ಮಗುಚಲೇಬೇಕಲ್ಲವೇ? ಮಾಡಿದ ಪಾಪ ಸುಮ್ಮನೆ ಬಿಡುತ್ತದೆಯೇ?"

ಗುರು ತಲೆ ಎತ್ತಲಿಲ್ಲ.

"ಅವನಿಗೆ ಏನಾಯಿತು ಎಂದು ಕತೆ ಕೇಳಿದವರೆಲ್ಲ ಕೇಳುತ್ತಾರೆ, ಅವಳ ಒಲೆ ಹೊತ್ತಿತೇ ಎಂದು ಕೇಳುವವನು ಇನ್ನೂ ಹುಟ್ಟಬೇಕು."

ಶಿಷ್ಯ ಮೊರದ ಹತ್ತಿರ ಸರಿದು ತಾನೂ ಕಲ್ಲು ಆರಿಸತೊಡಗಿದ.

ಇಷ್ಟೇ. ನನ್ನ ಕೈ ಈಗ ಅಕ್ಷರಕ್ಕೆ ನಿಲ್ಲುವುದಿಲ್ಲ, ನೀನು ಬರೆದಿಡು ಮಗಾ. ಹೇಳಿದ ಹಾಗೆಯೇ ಬರೆ; ನಿನ್ನ ಸಮಾಧಾನಕ್ಕೆಂದು ಅವನ ಪಾತಿ ಮಗುಚಿಸಬೇಡ.